ಭಾಲಚಂದ್ರನ ಗಿಡ್ಡ ಕಾಮಕಸ್ತೂರಿ

ಭಾಲಚಂದ್ರನಿಗೆ ಅಂಗೈ ಅಗಲದ ಹೊಲವೂ ಇರಲಿಲ್ಲ.

ಇದೇನು ಅಪರಾಧವಲ್ಲ. ಬೀದರ ಶಹರದಲ್ಲಿ ಹೊಲವಿಲ್ಲದ ಸಾವಿರಾರು ಮಂದಿ ಸಂತೆಯಿಂದ ಮೆಂತ್ಯ ತಂದು, ಪಲ್ಯ ಮಾಡಿ ಉಂಡು, ನೆಮ್ಮದಿಯಾಗಿ ಮಲಗುತ್ತಾರೆ. ಭಾಲಚಂದ್ರನೂ ಹಾಗೆಯೇ ಮಲಗುತ್ತಿದ್ದ. ಊರಂಚಿನ ಕೊಳಾರದ ಒಂದು ಗೋದಾಮಿನಲ್ಲಿ ಒಳಗೆ ಬಂದ ಚೀಲ, ಹೊರಗೆ ಹೋದ ಚೀಲ ಎಣಿಸುವುದು ಅವನ ನೌಕರಿ. ಖಾಜಾ ಮಿಯಾ ಎಂಬ ವಯಸ್ಸಾದ ಸಜ್ಜನರ ಮನೆಯ ಮಹಡಿಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದು ಹೆಂಡತಿ ಪ್ರಮಿಲಾಳೊಂದಿಗೆ ಇದ್ದ. ಅವನ ನಿದ್ದೆ ಕೆಡಿಸಿದವನು ಹೆಂಡತಿಯ ತಮ್ಮ ಸಾರಂಗ.

ಸಾರಂಗನಿಗೆ ಔರಾದ ತಾಲೂಕಿನ ಎಕಂಬಾದಲ್ಲಿ ಹೊಲವಿತ್ತು. ಹೊಲವಿದ್ದವರು ಸುಮ್ಮನೆ ಉತ್ತು ಬಿತ್ತಿಕೊಂಡು ಇರಬೇಕಷ್ಟೆ? ಇವನು ಬೀಗರು ಬಂದಾಗಲೆಲ್ಲ ಊಟವಾದ ಮೇಲೆ ಅವರನ್ನು ಬದುವಿನ ಮೇಲೆ ನಡೆಸಿ, ತೊಗರಿ ಗಿಡಗಳನ್ನು ತನ್ನ ಮಕ್ಕಳ ಹಾಗೆ ಪರಿಚಯ ಮಾಡಿಸುತ್ತಿದ್ದ. ಆ ವರ್ಷ ನಾಗರ ಪಂಚಮಿಗೆ ಭಾಲಚಂದ್ರ ಎಕಂಬಾಕ್ಕೆ ಹೋದಾಗ, ತಾಟಿನ ಮುಂದೆಯೇ ಶುರುಮಾಡಿದ. ಈ ಜೋಳ ನಮ್ಮದು, ಈ ಬೇಳೆ ನಮ್ಮದು, ಹಿಂಡಿಯೊಳಗಿನ ಶೇಂಗಾ ನಮ್ಮದು, ಖಾರ ನಮ್ಮದು ಎಂದು ಒಂದೊಂದಕ್ಕೂ ಬೆರಳಿಟ್ಟು ತೋರಿಸಿದ. ಆಮೇಲೆ ಅಕ್ಕನ ಗಂಡನ ಮುಖ ನೋಡಿದ.

"ದಾಜಿ, ನೀವು ಹುಟ್ಟಿದಾಗಿಂದ ಉಂಡದ್ದೆಲ್ಲ ಮಂದಿ ಬೆಳೆದದ್ದೇ ನೋಡ್ರಿ."

ಪಂಕ್ತಿ ಇಡೀ ನಕ್ಕಿತು. ಅತ್ತೆ ಗೋದಾಬಾಯಿ ಸೆರಗು ಅಡ್ಡ ಹಿಡಿದು ನಕ್ಕಳು. ಪ್ರಮಿಲಾ ಸೆರಗನ್ನೂ ಅಡ್ಡ ಹಿಡಿಯದೆ ನಕ್ಕಳು. ಭಾಲಚಂದ್ರನ ಬಾಯಲ್ಲಿ ಕಡುಬು ಹಾಗೆಯೇ ಉಳಿಯಿತು. ಜಗತ್ತಿನ ದೊಡ್ಡ ದೊಡ್ಡ ಪ್ರತಿಜ್ಞೆಗಳನ್ನು ಯಾರೂ ಬಾಯಲ್ಲಿ ಕಡುಬು ಇಟ್ಟುಕೊಂಡು ಮಾಡಿದ ಹಾಗಿಲ್ಲ, ಭಾಲಚಂದ್ರ ಮಾಡಿದ.

"ತುಳಸಿ ಲಗ್ನದ ದಿನ ಬೀದರಕ್ಕ ಬಾ. ನನ್ನ ಕೈಯಾರೆ ಬೀಜ ಹಾಕಿ ಬೆಳೆದದ್ದು ನಿನಗ ತಿನಸ್ತೇನಿ."

"ತಿನಸದಿದ್ರ?"

ಇಲ್ಲಿಗೆ ಸುಮ್ಮನಾಗಬಹುದಿತ್ತು. ತಿನಿಸದಿದ್ದರೆ ಮುಂದಿನ ಮಳೆಗಾಲ ನಿನ್ನ ಸೋಯಾ ಹೊಲದಲ್ಲಿ ಹೆಣ್ಣಾಳುಗಳ ಸಾಲಿನಲ್ಲಿ ಕುಳಿತು ಕಳೆ ತೆಗೆಯುತ್ತೇನೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾನಾಗಿಯೇ ಹೇಳಿದ. ಸಾರಂಗ ಕೈ ತೊಳೆದು ಬಂದು, ಮಾತು ಗಟ್ಟಿಮಾಡಿದ.

"ಆದ್ರ ಒಂದು, ದಾಜಿ. ಬೆಳೆದದ್ದು ನಿಮ್ಮದೇ ಇರಬೇಕು. ಮಂದೀದು ತಂದು ತಿನ್ನಸೋದು ನಡ್ಯಂಗಿಲ್ಲ."

ಬೀದರಕ್ಕೆ ಮರಳುವಾಗ ಬಸ್ಸಿನಲ್ಲಿ ಭಾಲಚಂದ್ರ ತನ್ನ ಜಮೀನಿನ ಬಗ್ಗೆ ವಿಚಾರ ಮಾಡಿದ. ಅದು ಮಹಡಿಯ ಪಡಸಾಲೆಯ ಗೋಡೆಯ ತಲೆ. ಒಂದು ಗೇಣು ಅಗಲ. ಮನೆಗೆಲ್ಲ ಬಿಸಿಲು ಬೀಳುವ ಜಾಗ ಅದೊಂದೇ. ಅದರ ಮೇಲೂ ಪ್ರಮಿಲಾಳ ತುಳಸಿ ಕುಂಡ ಕುಳಿತಿತ್ತು. ಅವನು ತುಳಸಿಯನ್ನು ಎತ್ತಿ ಮೆಟ್ಟಿಲ ಮೂಲೆಗೆ ಇಟ್ಟ. ದೇವರಿಗೆ ಎಲ್ಲಿದ್ದರೂ ನಡೆಯುತ್ತದೆ, ಬೆಳೆಗೆ ಬಿಸಿಲು ಬೇಕು ಎಂಬುದು ಅವನ ವಾದ.

ಗೇಣಗಲದ ಜಾಗದಲ್ಲಿ ಏನು ಬೆಳೆಯಬೇಕೆಂದು ಕೇಳಲು ಒಂದು ಸರಕಾರಿ ಕಚೇರಿಗೆ ಹೋದ. ಅಲ್ಲಿಯ ಸಾಹೇಬರು ಒಳ್ಳೆಯವರು, ಕುಳಿತುಕೊಳ್ಳಿ ಎಂದರು. ಸರ್ವೆ ನಂಬರ್ ಕೇಳಿದರು. ಇಲ್ಲ ಎಂದ. ಎಷ್ಟು ಎಕರೆ ಎಂದರು. ಗೇಣು ಎಂದ. ನೀರಾವರಿ ಹೇಗೆ ಎಂದರು. ಚರಿಗೆಯಿಂದ ಎಂದ. ಸಾಹೇಬರು ಕನ್ನಡಕ ತೆಗೆದು ಒರೆಸಿ, ಮನೆಯಲ್ಲಿ ಎಲ್ಲರೂ ಆರಾಮಾಗಿ ಇದ್ದಾರಾ ಎಂದು ವಿಚಾರಿಸಿದರು. ರೈತನನ್ನು ಈ ದೇಶದಲ್ಲಿ ಹೀಗೆ ನಡೆಸಿಕೊಳ್ಳುತ್ತಾರೆ ಎಂದು ಭಾಲಚಂದ್ರ ಅಂದು ಮೊದಲ ಸಲ ಸಿಟ್ಟಿಗೆದ್ದ.

ಸರಕಾರ ಕೈಬಿಟ್ಟ ರೈತ ಮೊಬೈಲಿನ ಕೈ ಹಿಡಿದ. ಅದರಲ್ಲಿ ಒಬ್ಬ ಹೆಣ್ಣುಮಗಳು ಬೇಸಿಲ್ ಎಂಬ ಗಿಡವನ್ನು ಬೀಜದಿಂದ ಬೆಳೆಯುವುದು ಹೇಗೆಂದು ತೋರಿಸುತ್ತಿದ್ದಳು. ಇಟಲಿಯವರು ಅದರ ಎಲೆ ಹಾಕದೆ ಊಟಕ್ಕೆ ಏಳುವುದಿಲ್ಲವಂತೆ. ಎತ್ತರದ ತಳಿ ಹಾಕಿದರೆ ಮೊಳಕಾಲ ಮಟ ಬೆಳೆದು ಗಾಳಿಗೆ ಬೀಳುತ್ತದೆ. ಸಣ್ಣ ಜಾಗದವರು ಗಿಡ್ಡ ತಳಿಯನ್ನೇ ಆರಿಸಬೇಕು. ಅದರಲ್ಲಿ ಸ್ಪೈಸಿ ಗ್ಲೋಬ್ ಎಂಬುದು ಚೆಂಡಿನ ಹಾಗೆ ಗುಂಡಗೆ ಬರುತ್ತದೆ. ಗ್ರೀಕ್ ಎಂಬುದರ ಎಲೆ ಬೆರಳುಗುರಿಗಿಂತ ಸಣ್ಣದು, ಆದರೆ ವಾಸನೆ ಜೋರು. ಮಿನೆಟ್ ಎಂಬುದು ಕತ್ತರಿಸಿ ಇಟ್ಟ ಹಾಗೆ ಒತ್ತಾಗಿ, ಚೆಲುವಾಗಿ ಬರುತ್ತದೆ. ಭಾಲಚಂದ್ರ ಮದುವೆಗೆ ಹೆಣ್ಣು ನೋಡುವಾಗಲೂ ಇಷ್ಟು ವಿಚಾರ ಮಾಡಿರಲಿಲ್ಲ. ಕೊನೆಗೆ ಯಾವುದನ್ನೂ ಬಿಡಲು ಮನಸ್ಸಾಗದೆ ಮೂರನ್ನೂ ತರಿಸಿದ.

ಪೊಟ್ಟಣಗಳು ಗೋದಾಮಿನ ವಿಳಾಸಕ್ಕೆ ಬಂದವು. ಜೊತೆಗೆ ಕೆಲಸ ಮಾಡುವ ನರಸಿಂಗ ಒಂದನ್ನು ಅಲುಗಾಡಿಸಿ, ಗಸಗಸೆಯಾ ಎಂದು ಕೇಳಿದ. ಇಟಲಿಯ ಬೆಳೆ ಎಂದು ಭಾಲಚಂದ್ರ ತಗ್ಗಿದ ದನಿಯಲ್ಲಿ ಹೇಳಿದ. ಸಂಜೆಯೊಳಗೆ ಗೋದಾಮಿನ ಹಮಾಲರೆಲ್ಲ ಅವನನ್ನು ರೈತರೇ ಎಂದು ಕರೆಯತೊಡಗಿದ್ದರು. ಅದರಲ್ಲಿ ಕುಹಕವಿದೆ ಎಂದು ಅವನಿಗೆ ಹೊಳೆಯಲಿಲ್ಲ.

ಮೊದಲು ಸ್ಪೈಸಿ ಗ್ಲೋಬ್. ಬೀಜ ಬೇಗ ಮೊಳೆಯಲಿ ಎಂದು, ವಿಡಿಯೋದಲ್ಲಿ ಯಾರೂ ಹೇಳದಿದ್ದರೂ ಕಡಲೆ ನೆನೆಸಿದ ಅನುಭವದ ಮೇಲೆ, ಪೊಟ್ಟಣವನ್ನೆಲ್ಲ ಒಂದು ಗ್ಲಾಸು ನೀರಿಗೆ ಸುರಿದು ಅಡುಗೆಮನೆಯಲ್ಲಿಟ್ಟು ನೌಕರಿಗೆ ಹೋದ.

ಆ ದಿನ ಸೆಕೆ ಬಹಳ. ಸಂಜೆ ಮನೆಗೆ ಬಂದಾಗ ಖಾಜಾ ಮಿಯಾ ಅವರ ಹೆಂಡತಿ ಮುನವ್ವರ ಬೇಗಂ ಮೇಲೆ ಬಂದು ಕುಳಿತಿದ್ದರು. ಪ್ರಮಿಲಾ ಗಂಡನ ಕೈಗೆ ತಣ್ಣಗಿನ ಗುಲಾಬಿ ಬಣ್ಣದ ಹಾಲಿನ ಗ್ಲಾಸು ಕೊಟ್ಟಳು. ಅದರೊಳಗೆ ಮೀನಿನ ಕಣ್ಣಿನಂಥ ಕಾಳುಗಳು ತೇಲುತ್ತಿದ್ದವು. ಭಾಲಚಂದ್ರ ಗಟಗಟ ಕುಡಿದ. ಇನ್ನೊಂದು ಕೇಳಿ ಕುಡಿದ. ಹೊಟ್ಟೆಯವರೆಗೆ ತಂಪಾಯಿತೆಂದು ಬೇಗಂ ಅವರ ಕೈಯನ್ನು ಹೊಗಳಿದ. ಆಮೇಲೆ ಬಟ್ಟೆ ಬದಲಿಸಿ, ಬಿತ್ತನೆಗೆ ತಯಾರಾಗಿ ಅಡುಗೆಮನೆಗೆ ಹೋದವನು ಹಾಗೆಯೇ ಹೊರಗೆ ಬಂದ.

"ನನ್ನ ಬೀಜ ಎಲ್ಲಿ?"

ಇಬ್ಬರು ಹೆಂಗಸರೂ ಅವನ ಹೊಟ್ಟೆ ನೋಡಿದರು.

ಮುನವ್ವರ ಬೇಗಂಗೆ ತಪ್ಪು ಎಲ್ಲಿದೆಯೆಂದೇ ತಿಳಿಯಲಿಲ್ಲ. ಸಬ್ಜಾ ನೆನೆಸಿ ಇಟ್ಟಿದ್ದಿರಿ, ನೆನೆಸಿದ ಸಬ್ಜಾ ಶರಬತ್ತಿಗಲ್ಲದೆ ಮತ್ತೆ ಯಾತಕ್ಕೆ, ನಾನೇ ಕೆಳಗಿನಿಂದ ಹಾಲು ತಂದೆ ಎಂದರು. ಅದು ಸಬ್ಜಾ ಅಲ್ಲ, ಬೇಸಿಲ್ ಎಂದು ಭಾಲಚಂದ್ರ ಕೂಗಾಡಿದ. ಸಬ್ಜಾದ ಅಕ್ಕನೋ ತಂಗಿಯೋ ಇರಬೇಕು, ರುಚಿ ಅದೇ ಇತ್ತು ಎಂದು ಬೇಗಂ ಶಾಂತವಾಗಿ ಗ್ಲಾಸು ತೊಳೆಯಲು ಎದ್ದರು. ಇಟಲಿಯ ಬೆಳೆಗೆ ಬೀದರದ ಹೆಸರಿಟ್ಟದ್ದಕ್ಕೆ ಭಾಲಚಂದ್ರನಿಗೆ ಬೀಜ ಹೋದದ್ದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಎರಡನೇ ಗ್ಲಾಸ್ ನೀವ ಕೇಳಿ ಕುಡದ್ರಿ," ಎಂದಳು ಪ್ರಮಿಲಾ.

ಉಳಿದೆರಡು ಪೊಟ್ಟಣಗಳನ್ನು ಅವನು ಶಾಸ್ತ್ರಪ್ರಕಾರ ಬಿತ್ತಿದ. ಮಣ್ಣಿಗೆ ಗೊಬ್ಬರ ಬೆರೆಸಿ, ಬೀಜವನ್ನು ಹೂಳದೆ ಮೇಲೆಯೇ ಚೆಲ್ಲಿ, ಬೆರಳಿನಿಂದ ಮೆಲ್ಲಗೆ ಒತ್ತಿ, ಇಸ್ತ್ರಿಗೆ ನೀರು ಹೊಡೆಯುವ ಬಾಟಲಿಯಿಂದ ತುಂತುರು ಹೊಡೆದ. ಮೊಳಕೆ ಬಂದಾಗ ಮಗು ಹುಟ್ಟಿದ ಹಾಗೆ ಗೋದಾಮಿನಲ್ಲಿ ಪೇಢೆ ಹಂಚಿದ. ಒತ್ತಾದ ಸಸಿ ಕಿತ್ತು ಕುಂಡಕ್ಕೆ ಒಂದೇ ಉಳಿಸಿದ. ತುದಿ ಚಿವುಟಿದಷ್ಟೂ ಗಿಡ ಗುಂಡಗಾಗುತ್ತದೆ ಎಂದು ಕಲಿತು, ಚಿವುಟಿದ. ಚಿವುಟಿದ ಎಲೆ ತಿನ್ನಲಿಲ್ಲ. ಮೊದಲ ಎಲೆ ಸಾರಂಗನ ಬಾಯಿಗೇ ಎಂದು ಹಟ ಹಿಡಿದು, ಅದನ್ನೆಲ್ಲ ಅದೇ ಕುಂಡದ ಬುಡಕ್ಕೆ ಗೊಬ್ಬರವಾಗಿ ಹಾಕಿದ. ದೀಪಾವಳಿಯ ಹೊತ್ತಿಗೆ ಗೋಡೆಯ ಮೇಲೆ ಎರಡು ಹಸಿರು ಚೆಂಡುಗಳು ಕುಳಿತಿದ್ದವು. ಮೆಟ್ಟಿಲ ಮೂಲೆಯ ತುಳಸಿ ಅಷ್ಟರಲ್ಲಿ ಒಣಗಿ ಕಡ್ಡಿಯಾಗಿತ್ತು. ಅದನ್ನು ಯಾರೂ ನೋಡಿಲ್ಲವೆಂದು ಭಾಲಚಂದ್ರ ತಿಳಿದುಕೊಂಡಿದ್ದ.

ಒಂದು ಮುಂಜಾನೆ ಖಾಜಾ ಮಿಯಾ ಮೇಲೆ ಬಂದರು. ಗ್ರೀಕ್ ಗಿಡದ ಮುಂದೆ ನಿಂತು ಮೂಗು ಹತ್ತಿರ ಒಯ್ದರು. ಕಣ್ಣು ತುಂಬಿದವು.

"ಅಮ್ಮಿದು ಬರ್ಸಿ ಬಂತು ಅಂತ ನಿಮಗ ಹ್ಯಾಂಗ ಗೊತ್ತಾತ್ರಿ, ಭಾಲಚಂದರ್?"

ಭಾಲಚಂದ್ರನಿಗೆ ಯಾವ ಅಮ್ಮಿ, ಯಾವ ಬರ್ಸಿ ಒಂದೂ ಗೊತ್ತಿರಲಿಲ್ಲ. ಅವರ ತಾಯಿಯ ಗೋರಿ ಭಾಲ್ಕಿಯಲ್ಲಿತ್ತು. ವರ್ಷಕ್ಕೊಮ್ಮೆ, ತೀರಿಕೊಂಡ ದಿನ, ಗೋರಿಯ ತಲೆಯ ಕಡೆ ಸಬ್ಜಾ ಗಿಡ ಇಡುವುದು ಅವರ ಮನೆಯ ಪದ್ಧತಿ. ಬಾಡಿಗೆದಾರನು ಬಾಯಿಬಿಟ್ಟು ಹೇಳದೆ ತಿಂಗಳುಗಟ್ಟಲೆ ಅಮ್ಮಿಗಾಗಿ ಗಿಡ ಸಾಕಿದ್ದಾನೆ ಎಂದು ಅವರು ತಿಳಿದುಕೊಂಡಿದ್ದರು. ಇಷ್ಟರಲ್ಲೇ ಓಣಿಗೆಲ್ಲ ಹೇಳಿಯೂ ಬಂದಿದ್ದರು. ಕೆಳಗೆ ಮುನವ್ವರ ಬೇಗಂ ಅವನಿಗಾಗಿ ಖೀರು ಮಾಡುತ್ತಿದ್ದರು. ಗೋಡೆಯ ತಲೆಯನ್ನು ಪುಕ್ಕಟೆ ಬಿಟ್ಟುಕೊಟ್ಟ ಮನುಷ್ಯನ ಕಣ್ಣೀರಿನ ಮುಂದೆ ಇದು ನನ್ನ ಹೆಂಡತಿಯ ತಮ್ಮನಿಗೆ ಚಟ್ನಿ ಮಾಡಲು ಎಂದು ಹೇಳುವ ಧೈರ್ಯ ಯಾರಿಗಿದೆ? ಭಾಲಚಂದ್ರ ಬಾಯಿ ತೆರೆದ. ಖಾಜಾ ಮಿಯಾ ಅದನ್ನು ನಗು ಎಂದುಕೊಂಡು ಅಪ್ಪಿಕೊಂಡರು.

ಗಿಡವನ್ನು ಬೆಳೆಸಿದವನೇ ಒಯ್ಯಬೇಕೆಂದು ತೀರ್ಮಾನವಾಯಿತು. ಭಾಲ್ಕಿ ಬಸ್ಸಿನಲ್ಲಿ ಭಾಲಚಂದ್ರ ಕುಂಡ ಹಿಡಿದು ಕುಳಿತ. ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿ, ತುಳಸಮ್ಮ ಎಂದು ಕೈಮುಗಿದಳು. ಕಂಡಕ್ಟರ್ ಬಂದು, ತಾಯಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೇನು, ಎತ್ತಿ ಹಿಡಿಯಿರಿ ಎಂದು ಗದರಿಸಿದ. ಎತ್ತಿ ಹಿಡಿದ. ಎತ್ತಿದ್ದರಿಂದ ಹಿಂದಿನ ಸೀಟುಗಳಿಗೂ ಕಂಡಿತು. ಅಲ್ಲಿ ಕುಳಿತಿದ್ದ ಹಿರಿಯರೊಬ್ಬರು ಸಬ್ಜಾ ಎಂದು ಗುರುತಿಸಿ, ಎರಡೂ ಕೈ ಚಾಚಿ ಫಾತಿಹಾ ಓದಿ, ಮನೆಯಲ್ಲಿ ಯಾರು ಹೋದರು ಎಂದು ಮರುಕದಿಂದ ಕೇಳಿದರು. ಇದು ಬೇಸಿಲ್ ಎಂದು ಹೇಳಲು ಭಾಲಚಂದ್ರನಿಗೆ ಬಸ್ಸಿನಲ್ಲಿ ಒಂದು ಸೀಟೂ ಉಳಿದಿರಲಿಲ್ಲ. ತೋಳು ಮರಗಟ್ಟಿದವು. ಭಾಲ್ಕಿಯವರೆಗೆ ಅವನು ಅರ್ಧ ಬಸ್ಸಿಗೆ ಭಕ್ತ, ಅರ್ಧ ಬಸ್ಸಿಗೆ ದುಃಖಿ.

ಗೋರಿಯ ಹತ್ತಿರ ಎಲ್ಲರೂ ಕಣ್ಣು ಮುಚ್ಚಿದಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಇಡೀ ಗಿಡ ಹೋದರೆ ಹೋಗಲಿ. ನಾಲ್ಕು ಎಲೆ ಕಿಸೆಗೆ ಹಾಕಿಕೊಂಡರೆ ಸಾರಂಗನ ಬಾಯಿಗೆ ಸಾಕು. ಮೆಲ್ಲಗೆ ಕೈ ಚಾಚಿದ. ಖಾಜಾ ಮಿಯಾ ಅವರ ತಂಗಿಯ ಮಗ ಮುಜಮ್ಮಿಲ ಒಂದು ಕಣ್ಣು ತೆರೆದಿಟ್ಟುಕೊಂಡಿದ್ದ. ಅವನು ಮಣಿಕಟ್ಟು ಹಿಡಿದು ಕಿವಿಯಲ್ಲಿ ಕೇಳಿದ:

"ಗೋರಿ ಮ್ಯಾಲಿಂದು ತಿಂತೀರೇನ್ರಿ ನೀವು?"

ಭಾಲಚಂದ್ರ ಕೈ ಹಿಂದಕ್ಕೆ ತೆಗೆದುಕೊಂಡ. ತಿನ್ನಲಿಕ್ಕೆಂದೇ ಬೆಳೆಸಿದ ಗಿಡದ ಮುಂದೆ ಕಳ್ಳನ ಹಾಗೆ ತಲೆ ತಗ್ಗಿಸಿ ನಿಲ್ಲಬೇಕಾಗಿ ಬಂದ ರೈತನನ್ನು ಭಾಲ್ಕಿ ಅಂದು ಕಂಡಿತು.

ಇನ್ನು ಉಳಿದದ್ದು ಮಿನೆಟ್ ಒಂದೇ. ಅದನ್ನು ಅವನು ಹಗಲು ಬಿಸಿಲಿಗಿಟ್ಟು, ಕತ್ತಲಾದ ಮೇಲೆ ಒಳಗೆ ತಂದು ಮಂಚದ ಕೆಳಗೆ ಇಡುತ್ತಿದ್ದ. ಖಾಜಾ ಮಿಯಾ ಮೆಟ್ಟಿಲು ಹತ್ತುವ ಸದ್ದಾದರೆ ಮೇಲೆ ಬುಟ್ಟಿ ಮುಚ್ಚುತ್ತಿದ್ದ. ತುಳಸಿ ಲಗ್ನದ ದಿನ ಗೋದಾಮಿಗೂ ಹೋಗಬೇಕಿತ್ತು. ಮಧ್ಯಾಹ್ನದವರೆಗೆ ಎಣಿಸಬೇಕಾದ ಚೀಲ ಎಣಿಸಿ ಓಡಿಬಂದ. ಮನೆಯಲ್ಲಿ ಗೋದಾಬಾಯಿ ಬಂದಿಳಿದಿದ್ದಳು. ಪಡಸಾಲೆಯಲ್ಲಿ ಕಬ್ಬಿನ ಗಳ ನಿಂತಿದ್ದವು. ಗಳದ ನಡುವೆ ಇಟ್ಟಿಗೆ ಜೋಡಿಸಿ ಮಾಡಿದ ತುಳಸಿ ಕಟ್ಟೆಯಲ್ಲಿ ಮಿನೆಟ್ ಕುಳಿತಿತ್ತು. ಅದಕ್ಕೆ ಅರಿಷಿಣ ಹಚ್ಚಿತ್ತು, ಕುಂಕುಮ ಇಟ್ಟಿತ್ತು, ಹಸಿರು ಖಣ ಉಡಿಸಿತ್ತು, ಕುಂಡದ ಸುತ್ತ ಹಸಿರು ಬಳೆ ಜೋಡಿಸಿತ್ತು. ಗಿಡ್ಡ ತಳಿಯಾದ್ದರಿಂದ ಖಣದೊಳಗಿಂದ ತಲೆ ಮಾತ್ರ ಕಾಣುತ್ತಿತ್ತು.

ಭಾಲಚಂದ್ರ ಹೆಂಡತಿಯನ್ನು ಮೂಲೆಗೆ ಕರೆದ. ಪ್ರಮಿಲಾ ಸಣ್ಣ ದನಿಯಲ್ಲಿ, ಆದರೆ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದಳು: ನನ್ನ ತುಳಸಿಯನ್ನು ಮೂಲೆಗೆ ಹಾಕಿ ಕೊಂದವರು ಯಾರು, ವರ್ಷದ ಹಬ್ಬದ ದಿನ ತಾಯಿ ಬಂದು ಬರಿದಾದ ಕಟ್ಟೆ ನೋಡಿದರೆ ನಾನು ಏನೆಂದು ಹೇಳಬೇಕಿತ್ತು, ಇದೇ ಹೊಸ ತುಳಸಿ ಎಂದು ಹೇಳಿದ್ದೇನೆ, ಬಾಯಿಬಿಟ್ಟರೆ ನೋಡಿ. ಭಾಲಚಂದ್ರ ತಲೆಯಾಡಿಸಿದ. ಆದರೂ ಶಾಸ್ತ್ರ ಶುರುವಾಗುವ ಮುಂಚೆ ಎರಡು ಎಲೆ ಸಿಕ್ಕೀತೆಂದು ಕಟ್ಟೆಯ ಹಿಂದಿನಿಂದ ಹೋಗಿ ಖಣದೊಳಗೆ ಕೈ ಹಾಕಿದ.

"ಅಳಿಯಂದ್ರ," ಎಂದಳು ಗೋದಾಬಾಯಿ, ತಿರುಗಿಯೂ ನೋಡದೆ. "ಮದಲಿಂಗಿತ್ತಿ ಕಿವಿ ಹರೀಲತ್ತೀರೇನು?"

ಆಗಲೇ ಸಾರಂಗ ಮೆಟ್ಟಿಲೇರಿ ಬಂದ. ಚಪ್ಪಲಿ ಬಿಡುತ್ತಲೇ, ಎಲ್ಲಿ ದಾಜಿ ನಿಮ್ಮ ಬೆಳೆ ಎಂದು ಕೇಳಿದ. ಭಾಲಚಂದ್ರ ಮದುಮಗಳ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಸೋಯಾ ಈ ಸಲ ಒಳ್ಳೆಯ ಹದಕ್ಕೆ ಬಂದಿತ್ತು, ಮುಂದಿನ ವರ್ಷ ಕಳೆಯೂ ಚೆನ್ನಾಗಿಯೇ ಬರಬಹುದು ಎನ್ನುತ್ತ ಸಾರಂಗ ಗೋಡೆಗೊರಗಿ ಕುಳಿತ.

ಲಗ್ನ ದೊಡ್ಡದಾಗಿಯೇ ಆಯಿತು. ಓಣಿಯ ಹೆಂಗಸರೆಲ್ಲ ಬಂದರು. ಖಾಜಾ ಮಿಯಾ ಲೈಟಿನ ಸರ ತಂದು ಕಟ್ಟಿಸಿದರು. ಹೆಣ್ಣಿನ ತಂದೆಯ ಜಾಗದಲ್ಲಿ ಭಾಲಚಂದ್ರನಿಗೆ ಟೊಪ್ಪಿಗೆ ಹಾಕಿ ಕೂಡಿಸಿದರು. ಗೋದಾಬಾಯಿ ಎಕಂಬಾದಿಂದ ತಂದ ಕೃಷ್ಣನ ಮೂರ್ತಿಯ ಮುಂದೆ ಅಂತರಪಟ ಹಿಡಿದರು, ಮಂಗಲಾಷ್ಟಕ ಹಾಡಿದರು, ಅಕ್ಷತೆ ಬಿತ್ತು. ಪ್ರಮಿಲಾ ನೀರು ಹಾಕಿದಳು, ಭಾಲಚಂದ್ರ ಧಾರೆ ಎರೆದುಕೊಟ್ಟ. ಎರೆಯುವಾಗ ಅವನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ನೆರೆಮನೆಯ ಹೆಂಗಸರು, ಹೆಣ್ಣುಮಕ್ಕಳಿಲ್ಲದ ಮನುಷ್ಯ, ಪಾಪ, ಎಂದರು.

ಆಮೇಲೆ ಗೋದಾಬಾಯಿ ತೀರ್ಥ ಕೊಡುತ್ತ ಬಂದಳು. ಒಂದೊಂದು ಸೌಟಿಗೆ ಒಂದೊಂದು ಎಲೆ. ಸಾರಂಗ ಅಂಗೈ ಒಡ್ಡಿದ, ಸುರ್ರೆಂದು ಕುಡಿದ, ಎಲೆ ಬಾಯಿಗೆ ಹೋಯಿತು. ದವಡೆ ಆಡಿತು. ಒಮ್ಮೆ, ಇನ್ನೊಮ್ಮೆ. ಭಾಲಚಂದ್ರನ ಕಣ್ಣು ಆ ದವಡೆಯ ಮೇಲೆಯೇ ಇತ್ತು. ಗಂಟಲು ಏರಿ ಇಳಿಯಿತು. ಎಲೆ ಒಳಗೆ ಹೋಯಿತು.

ಭಾಲಚಂದ್ರ ಟೊಪ್ಪಿಗೆ ಸಮೇತ ಎದ್ದು ನಿಂತ. ಹೇಳಿದರೆ ಹೆಂಡತಿಯ ಮಾನ ಹೋಗುತ್ತದೆ, ಅತ್ತೆ ಮಾಡಿದ ಲಗ್ನ ಸುಳ್ಳಾಗುತ್ತದೆ, ಕಟ್ಟಿದ ಲೈಟು, ಹಾಕಿದ ಅಕ್ಷತೆ ಎಲ್ಲ ವ್ಯರ್ಥ. ಹೇಳದಿದ್ದರೆ ಎಕಂಬಾದ ಸೋಯಾ ಸಾಲು ಕಾದಿದೆ. ಪ್ರಮಿಲಾ ಕಣ್ಣಿನಿಂದಲೇ ಬೇಡ ಎಂದಳು. ಅವನಿಗೆ ಬದುವಿನ ಮೇಲೆ ನಿಂತು ನಗುವ ಸಾರಂಗನೇ ಕಂಡ.

"ನುಂಗಿದಿ," ಎಂದ ಬೆರಳು ಮಾಡಿ. "ನಾ ಬೆಳೆದದ್ದು ನುಂಗಿದಿ ನೋಡು. ಅದು ತುಳಸಿ ಅಲ್ಲ. ಇಟಲೀ ಬೇಸಿಲ್ ಅದು. ಬೀಜ ಹಾಕಿದವ ನಾ, ನೀರು ಹಾಕಿದವ ನಾ. ನಾ ಗೆದ್ದೆ."

ಪ್ರಮಿಲಾ ಮುಖ ಮುಚ್ಚಿಕೊಂಡಳು. ಎಲ್ಲರೂ ಗೋದಾಬಾಯಿಯ ಕಡೆ ತಿರುಗಿದರು. ಗೋದಾಬಾಯಿ ಮುಂದಿನವರ ಅಂಗೈಗೆ ಸೌಟು ಬಗ್ಗಿಸಿದಳು.

"ಗೊತ್ತದ. ನನಗೇನು ಮೂಗಿಲ್ಲೇನು? ಕಾಮಕಸ್ತೂರಿ ಅದು, ತುಳಸಿ ತಂಗಿ. ಅಕ್ಕಗ ನೀವು ಸಾಯ ಹೊಡದ್ರಿ, ಮುಹೂರ್ತ ತಪ್ಪಬಾರದಂತ ತಂಗೀನ ಕೂಡಿಸ್ದೆ. ಮನುಷ್ಯಾರಾಗ ಆಗಂಗಿಲ್ಲೇನು?"

ನಿಲ್ಲದೆ ತೀರ್ಥ ಮುಂದೆ ಹೋಯಿತು. ಭೂಕಂಪವಾಗಬೇಕಾದ ಕಡೆ ಗಾಳಿಯೂ ಬೀಸಲಿಲ್ಲ. ಭಾಲಚಂದ್ರ ಹಾಗಾದರೂ ಗೆದ್ದವನು ನಾನೇ ಎಂದು ಮತ್ತೊಮ್ಮೆ ಹೇಳಿದ. ಸಾರಂಗ ಹಲ್ಲಿನ ಸಂದಿಯಿಂದ ಎಲೆಯ ಚೂರು ತೆಗೆದ.

"ಧಾರಿ ಎರದವರು ಯಾರ್ರಿ, ದಾಜಿ?"

"ನಾನ."

"ತೀರ್ಥ ಕೊಟ್ಟದ್ದು ಎರದ ಮ್ಯಾಲೋ, ಮೊದಲೋ?"

"ಎರದ ಮ್ಯಾಲ."

"ಹಂಗಾದ್ರ ಆಗ ಅದು ನಿಮ್ಮದಲ್ಲ. ಕೊಟ್ಟ ಮನೀದು. ಬೆಳೆದದ್ದು ನಿಮ್ಮದೇ ಇರಬೇಕು, ಮಂದೀದು ತಿನ್ನಸಬಾರದು ಅಂತ ಪಂಚಮಿ ದಿನಾನೇ ಮಾತಾಗಿತ್ತು."

ಇಂಥ ಅನ್ಯಾಯ ಉಂಟೇ? ಭಾಲಚಂದ್ರ ಖಾಜಾ ಮಿಯಾ ಅವರನ್ನು ಕೈ ಹಿಡಿದು ಎಳೆತಂದು, ನೀವು ಹಿರಿಯರು, ನ್ಯಾಯ ಹೇಳಿರಿ ಎಂದ. ತನ್ನ ಗಿಡವನ್ನು ತಮ್ಮ ತಾಯಿಯ ಗೋರಿಗೆ ಇಡಿಸಿಕೊಂಡ ಮನುಷ್ಯ ತನ್ನ ಕಡೆಯೇ ಹೇಳುತ್ತಾರೆಂದು ಅವನಿಗೆ ಪೂರಾ ಭರವಸೆಯಿತ್ತು. ಖಾಜಾ ಮಿಯಾ ಗಡ್ಡ ನೀವಿಕೊಂಡರು. ಮನಸ್ಸಿಗೆ ಬಹಳ ನೋವಾದವರಂತೆ ಮಾತಾಡಿದರು.

"ನಮ್ಮ ಆಯೆಶಾನ ಹುಮನಾಬಾದಿಗೆ ನಿಕಾಹ ಮಾಡಿ ಕೊಟ್ಟೀನಿ. ಅಲ್ಲಿ ಆಕಿ ಮಾಡಿದ ರೊಟ್ಟಿ ಮಂದಿ ತಿಂದ್ರ, ನನ್ನ ರೊಟ್ಟಿ ತಿಂದ್ರಿ ಅನ್ನಕ ಬರ್ತದೇನ್ರಿ? ಕೊಟ್ಟದ್ದು ಕೊಟ್ಟಂಗ."

ಹೆಂಗಸರೆಲ್ಲ ಹೌದು ಹೌದು ಎಂದರು. ಕೊನೆಗೆ ಭಾಲಚಂದ್ರನ ಸರದಿ ಬಂತು. ಹೆಣ್ಣಿನ ಕಡೆಯವರು ಕಡೆಗೆ ತೆಗೆದುಕೊಳ್ಳುವುದು ಪದ್ಧತಿ. ಅವನ ಅಂಗೈಗೆ ಬಿದ್ದದ್ದು ಬರೀ ನೀರು, ಎಲೆ ಮುಗಿದಿದ್ದವು. ಓಣಿ ದೊಡ್ಡದಿತ್ತು, ಗಿಡ ಗಿಡ್ಡದಿತ್ತು. ಮರುದಿನ ಗೋದಾಬಾಯಿ ಮದುಮಗಳ ಬೋಳು ಕಾಂಡವನ್ನು ಕೃಷ್ಣನ ಸಮೇತ ಚೀಲದಲ್ಲಿಟ್ಟುಕೊಂಡು ಎಕಂಬಾಕ್ಕೆ ಹೋದಳು. ಮದುಮಗಳನ್ನು ಅತ್ತೆಯ ಮನೆಗೆ ಕಳಿಸಿದ್ದೆಂದು ಪ್ರಮಿಲಾ ಉಡಿ ತುಂಬಿದಳು.

ಮಳೆಗಾಲ ಬಂತು. ರವಿವಾರ ಬೆಳಿಗ್ಗೆ ಭಾಲಚಂದ್ರ ಎಕಂಬಾದ ಸೋಯಾ ಸಾಲಿನಲ್ಲಿ ಕಳೆ ತೆಗೆಯುವ ಕುರ್ಪಿ ಹಿಡಿದು ಕುಳಿತ. ಹೆಣ್ಣಾಳುಗಳು ಅವನನ್ನು ಸಾಲಿನ ನಡುವೆ ಹಾಕಿಕೊಂಡು, ಅಳಿಯಂದಿರು ಹಿಂದೆ ಬಿದ್ದರು, ಅಳಿಯಂದಿರ ಸಾಲು ಡೊಂಕಾಯಿತು ಎಂದು ದಿನವಿಡೀ ಹಾಸ್ಯ ಮಾಡಿದರು. ಬದುವಿನ ಅಂಚಿಗೆ ಬಂದಾಗ ಅವನ ಮೂಗಿಗೆ ಒಂದು ಗುರುತಿನ ವಾಸನೆ ಬಡಿಯಿತು. ಕಾಮಕಸ್ತೂರಿ. ಸೊಂಟದ ಮಟ, ಯಾರೂ ಬಿತ್ತದೆ, ಯಾರೂ ಚಿವುಟದೆ, ಬದುವಿನುದ್ದಕ್ಕೂ ಪೊದೆಪೊದೆಯಾಗಿ ನಿಂತಿತ್ತು. ಭಾಲಚಂದ್ರ ಕುರ್ಪಿ ಕೆಳಗಿಟ್ಟು ಅದನ್ನೇ ನೋಡುತ್ತ ಕುಳಿತ. ಕೊನೆಗೆ ಒಂದು ಎಲೆಗೆ ಕೈ ಚಾಚಿದ.

"ತಿನ್ರಿ ದಾಜಿ, ತಿನ್ರಿ," ಎಂದ ಸಾರಂಗ ಬದುವಿನ ಮೇಲಿಂದ. "ಅದೂ ನಮ್ದೇ."

ಭಾಲಚಂದ್ರ ಕೈ ಹಿಂದಕ್ಕೆ ತೆಗೆದುಕೊಂಡು, ಕಳೆ ಕೀಳಲು ಶುರುಮಾಡಿದ.

ಹೋದದ್ದು ಇಷ್ಟು: ಬೀಜ ಮೂರು ಪೊಟ್ಟಣ. ಅದರಲ್ಲಿ ಒಂದನ್ನು ಕುಡಿದದ್ದಾಯಿತು, ಒಂದು ಗೋರಿಗೆ ಹೋಯಿತು, ಒಂದಕ್ಕೆ ಲಗ್ನವಾಯಿತು. ಎರಡು ಕುಂಡ. ಒಂದು ತುಳಸಿ. ಮಳೆಗಾಲದ ಅಷ್ಟೂ ರವಿವಾರ. ಭಾಲಚಂದ್ರ ತಿಂದ ಎಲೆ, ಒಂದೂ ಇಲ್ಲ.